ಅಲ್ಪಸಂಖ್ಯಾತರ ಕೂಗೂ ಸರಕಾರದ ಕಿವಿಯೂ

ಹಿರಿಯೂರು ತಾಲ್ಲೂಕಿನ ಧರ್ಮಪುರದಿಂದ ಮೂಡಲಕ್ಕೆ ಕೆಲವು ಹರದಾರಿ ನಡೆದರೆ ರಾಜ್ಯದ ಎಲ್ಲೆಯು ಮುಗಿಯುತ್ತದೆ, ಕನ್ನಡವು ಮುಗಿಯುವುದಿಲ್ಲ. ಎಲ್ಲೆಯಾಚೆ ಮಡಕಶಿರಾ ಸೀಮೆಯಲ್ಲಿರುವ ಹೇಮಾವತಿಯು ಹಿಂದಿನ ಹೆಂಜೇರು, ನೊಳಂಬರ ರಾಜಧಾನಿ. ಅಲ್ಲಿಯ ಶಾಸನಗಳು ಇಂದಿಗೂ ಕನ್ನಡದಲ್ಲಿಯೇ ಮಾತನಾಡುತ್ತಿವೆ. ಆದರೆ ಆ ಸೀಮೆಯ ಕನ್ನಡಿಗನು ಇದ್ದಲ್ಲಿಯೇ ಇದ್ದು ಪರರಾಜ್ಯದ ಅಲ್ಪಸಂಖ್ಯಾತನಾಗಿದ್ದಾನೆ. ಇಂಥವನ ಕೂಗು ಸರಕಾರದ ಕಿವಿಗೆ ಮುಟ್ಟುವುದು ಯಾವಾಗ? ಈ ಪ್ರಶ್ನೆಯನ್ನು ನಮ್ಮ ವಾಚಕರ ಮುಂದಿಡಬೇಕಾಗಿದೆ.

ಏಕೀಕರಣದ ಇತಿಹಾಸವೆಂದರೆ ಅಲ್ಪಸಂಖ್ಯಾತರ ಚಳವಳಿಯ ಇತಿಹಾಸವೇ ಸರಿ. ಮುಂಬಯಿ, ಮದ್ರಾಸು, ಹೈದರಾಬಾದುಗಳಲ್ಲಿ ಹರಿದು ಹಂಚಿಹೋದ ಕನ್ನಡಿಗರು ಎಲ್ಲಿಯೂ ಕೆಲವರೇ ಆಗಿದ್ದರು. 1890ರಲ್ಲಿ ಧಾರವಾಡದಲ್ಲಿ ವಿದ್ಯಾವರ್ಧಕ ಸಂಘವು ಹುಟ್ಟಿತು. 1920ರ ನಾಗಪುರ ಕಾಂಗ್ರೆಸ್ಸು ಭಾಷಾವಾರು ಪ್ರಾಂತಗಳ ತತ್ತ್ವವನ್ನು ಒಪ್ಪಿತು. ಆದರೂ ಸರಕಾರವು ಅಲುಗಿದ್ದು ಬಹು ತಡವಾಗಿ. 1952ರ ಡಿಸೆಂಬರಿನಲ್ಲಿ ಪೊಟ್ಟಿ ಶ್ರೀರಾಮುಲು ಅವರು ಉಪವಾಸದಿಂದ ಪ್ರಾಣಬಿಟ್ಟ ಬಳಿಕವೇ ಆಂಧ್ರವು ಒದಗಿಬಂತು. 1953ರ ಅಕ್ಟೋಬರ್ 1ರಂದು ಬಳ್ಳಾರಿಯು ಮೈಸೂರಿಗೆ ಸೇರಿತು. ಆದವಾನಿ, ಆಲೂರು, ರಾಯದುರ್ಗಗಳು ಕೈತಪ್ಪಿದವು. ಅದೇ ವರ್ಷ ಅದರಗುಂಚಿಯ ಶಂಕರಗೌಡರೂ ಉಪವಾಸ ಹಿಡಿದರು. ವರ್ಷಾಂತ್ಯಕ್ಕೆ ಫಜಲ್ ಅಲಿ ಆಯೋಗವು ನೇಮಕವಾಯಿತು. 1956ರ ನವೆಂಬರ್ 1ರಂದು ನಾಡು ಒಂದಾಯಿತು. ನೋವು ಆಳವಾಗಿದೆಯೆಂದು ಸರಕಾರವು ಕರಗುವುದಿಲ್ಲ. ಕೊಡುವುದಕ್ಕಿಂತ ಕೊಡದಿರುವುದೇ ಕಷ್ಟವೆನಿಸಿದಾಗ ಅದು ಕೊಡುತ್ತದೆ.

ಹಾಗೆಂದು ಎಲ್ಲ ಬೇಡಿಕೆಯೂ ಫಲಿಸಲಿಲ್ಲ. ಕಾಸರಗೋಡನ್ನು ನೋಡಿರಿ. ಚಂದ್ರಗಿರಿ ಹೊಳೆಯ ಉತ್ತರದ ಭಾಗವು ಮೈಸೂರಿಗೆ ಸಲ್ಲತಕ್ಕದ್ದೆಂದು ಮಹಾಜನ ಆಯೋಗವು 1967ರಲ್ಲಿ ಹೇಳಿತು. ಭೂಪಟವು ಇಂದಿಗೂ ಕದಲಿಲ್ಲ. ಆದರೆ ಅಲ್ಲಿಯ ಕನ್ನಡಿಗರು ಕೈಕಟ್ಟಿ ಕೂಡಲಿಲ್ಲ. ಸರಕಾರದೊಡನೆ ಕನ್ನಡದಲ್ಲಿಯೇ ವ್ಯವಹರಿಸುವ ಹಕ್ಕು 1973ರಲ್ಲಿ ಕೇರಳದ ಆಡಳಿತಭಾಷಾ ಕಾಯಿದೆಯೊಳಗೆ ಬಂದಿತು. 2017ರಲ್ಲಿ ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯ ಮಾಡಿದಾಗ ಅವರು ಮತ್ತೆ ಬೀದಿಗಿಳಿಯಬೇಕಾಯಿತು. ಬರೆದಿಟ್ಟ ಹಕ್ಕು ತಾನಾಗಿ ಉಳಿಯದು. ಅದಕ್ಕೆ ಕಾವಲು ಬೇಕು. ದೂರದ ವೇಲ್ಸ್ ನಾಡಿನಲ್ಲಿಯೂ ಹೀಗೆಯೇ ಆಯಿತು. ವೆಲ್ಷ್ ಭಾಷೆಗೊಂದು ದೂರದರ್ಶನ ವಾಹಿನಿ ಕೊಡುವೆವೆಂದು ಮಾತುಕೊಟ್ಟ ಬ್ರಿಟಿಷ್ ಸರಕಾರವು ಮಾತು ತಪ್ಪಿತು. 1980ರಲ್ಲಿ ಗ್ವಿನ್‌ಫರ್ ಇವಾನ್ಸ್ ಅವರು ಆಮರಣ ಉಪವಾಸದ ಮಾತೆತ್ತಿದೊಡನೆ ಹಿಂದೆ ಸರಿಯಿತು. 1982ರಲ್ಲಿ ವಾಹಿನಿಯು ಆರಂಭವಾಯಿತು. ಬೇಡಿಕೆಯು ಒಂದೇ ಆಗಿತ್ತು, ಖಚಿತವಾಗಿತ್ತು. ಅದರ ಹಿಂದೆ ವರ್ಷಗಳ ದುಡಿಮೆಯಿತ್ತು.

ನಮ್ಮ ಗಡಿಯ ಚಳವಳಿಗೆ ಕೊರತೆಯಾಗಿರುವುದು ಇದೇ. ನವೆಂಬರಿನಲ್ಲಿ ಮೆರವಣಿಗೆ, ಡಿಸೆಂಬರಿನಲ್ಲಿ ಮರೆವು! ಸಂವಿಧಾನದ 350ಎ ವಿಧಿಯು ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣದ ಅನುಕೂಲ ಒದಗಿಸಲು ಪ್ರತಿಯೊಂದು ರಾಜ್ಯವೂ ಯತ್ನಿಸಬೇಕೆನ್ನುತ್ತದೆ. ಯಾವ ಊರಿನ ಕನ್ನಡ ಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೆ, ಎಷ್ಟು ಉಪಾಧ್ಯಾಯರು ಬೇಕು, ಪುಸ್ತಕಗಳು ಯಾವ ತಿಂಗಳಲ್ಲಿ ಬಂದವು ಎಂಬ ಲೆಕ್ಕವಿಲ್ಲದ ಮನವಿಯನ್ನು ಕಚೇರಿಯವರು ಮಡಿಚಿಡುತ್ತಾರೆ. ಲೆಕ್ಕವಿರುವ ಮನವಿಗೆ ಉತ್ತರ ಬರೆಯಲೇಬೇಕಾಗುತ್ತದೆ.

ಇನ್ನೊಂದು ಮಾತು, ಇದು ಕೆಲವರಿಗೆ ಕಹಿಯಾದೀತು. ಆ ವಿಧಿಯು ಕರ್ನಾಟಕವನ್ನೂ ಕಟ್ಟಿಹಾಕಿದೆ. ನಮ್ಮೊಳಗಿನ ತೆಲುಗು, ಉರ್ದು, ಮರಾಠಿ, ತುಳು, ಕೊಡವ, ಲಂಬಾಣಿ ಮನೆಮಾತಿನವರು ಮನವಿ ಹಿಡಿದು ಬಂದಾಗ ನಾವು ಕಿವಿ ಮುಚ್ಚಿಕೊಂಡರೆ, ಮಡಕಶಿರೆಯ ಮಗುವಿಗಾಗಿ ಯಾವ ಬಾಯಿಂದ ಕೇಳೋಣ? ಅಲ್ಪಸಂಖ್ಯಾತರಾಗಿ ನೊಂದು ನಾಡು ಕಟ್ಟಿದವರು ಬಹುಸಂಖ್ಯಾತರಾದೊಡನೆ ಆ ನೋವನ್ನು ಮರೆಯುವುದು ಏಕೀಕರಣದ ಧರ್ಮವಲ್ಲ.

ಆದುದರಿಂದ ಧರ್ಮಪುರದ ಉಪಾಧ್ಯಾಯ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟೆ: ಎಲ್ಲೆಯಾಚೆಯ ಸಹೋದ್ಯೋಗಿಗಳೊಡನೆ ಕೂಡಿ ಮೊದಲು ಮಕ್ಕಳ ಎಣಿಕೆ ಮಾಡಿರಿ, ಬಾವುಟವನ್ನು ಆಮೇಲೆ ಏರಿಸೋಣ.