ಸಾರದ ಕಾನೂನಿಗೆ ದಂಡಿಸುವ ಹಕ್ಕಿಲ್ಲ

ಕಾನೂನು ಗೊತ್ತಿರಲಿಲ್ಲ ಎಂದರೆ ಯಾವ ನ್ಯಾಯಾಲಯವೂ ಕಿವಿಗೊಡುವುದಿಲ್ಲ. ಆಗಲಿ, ಒಪ್ಪೋಣ. ಆದರೆ ತಿಳಿದಿರಬೇಕಾದ ಹೊಣೆ ಪ್ರಜೆಯದಾದರೆ, ತಿಳಿಸುವ ಹೊಣೆ ಯಾರದು?

1923ರ ಡಿಸೆಂಬರಿನಲ್ಲಿ ಜೈಪುರ ಸಂಸ್ಥಾನದ ಮಂತ್ರಿಮಂಡಳಿ ಒಂದು ನಿರ್ಣಯ ಮಾಡಿ ಅಫೀಮು ಕಾಯ್ದೆ ತಂದಿತು. ಅದನ್ನು ಗೆಜೆಟ್‌ನಲ್ಲಿ ಅಚ್ಚು ಹಾಕಿಸಲಿಲ್ಲ, ಬೇರೆ ಯಾವ ದಾರಿಯಿಂದಲೂ ಜನರಿಗೆ ಮುಟ್ಟಿಸಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅದೇ ಕಾಯ್ದೆಯಡಿ ಹರ್ಲಾ ಎಂಬೊಬ್ಬನಿಗೆ 50 ರೂಪಾಯಿ ದಂಡ ಬಿತ್ತು. ಆ ಐವತ್ತು ರೂಪಾಯಿಯ ವ್ಯಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 1951ರ ಹರ್ಲಾ ಪ್ರಕರಣದಲ್ಲಿ ನ್ಯಾಯಮೂರ್ತಿ ವಿವಿಯನ್ ಬೋಸ್ ಶಿಕ್ಷೆಯನ್ನು ರದ್ದು ಮಾಡಿದರು. ಮುಚ್ಚಿದ ಕೋಣೆಯ ನಿರ್ಣಯ ಕಾನೂನಾಗದು, ಜನರಿಗೆ ಸಾರಿದ ಮೇಲೆಯೇ ಅದಕ್ಕೆ ಜೀವ ಎಂಬುದು ಆ ತೀರ್ಪಿನ ಸಾರ.

1987ರಲ್ಲಿ ಬೆಂಗಳೂರಿನ ನಗರ ಯೋಜನೆ ಕುರಿತ ಬಿ.ಕೆ. ಶ್ರೀನಿವಾಸನ್ ಪ್ರಕರಣದಲ್ಲಿ, ಅಧಿಕಾರಿಗಳು ರೂಪಿಸುವ ನಿಯಮಗಳಿಗೂ ಇದೇ ಕಟ್ಟಳೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ಆದರೆ ಯೋಜನೆ ಕಚೇರಿಯಲ್ಲಿದೆ, ಬಂದು ನೋಡಿ ಎಂಬ ಗೆಜೆಟ್ ಪ್ರಕಟಣೆಯೇ ಸಾಕೆಂದೂ ಒಪ್ಪಿಕೊಂಡಿತು. ಕಾನೂನಿಗೆ ಅಷ್ಟು ಸಾಕು. ಆತ್ಮಸಾಕ್ಷಿಗೆ ಸಾಕೇ?

ಸಾಮಾನ್ಯ ಖಂಡಗಳ ಕಾಯ್ದೆಯ 5ನೇ ಕಲಂ ತೆಗೆದು ನೋಡಿ. ಜಾರಿಯ ದಿನಾಂಕವನ್ನು ಬೇರೆಯಾಗಿ ಹೇಳದ ಕೇಂದ್ರ ಕಾಯ್ದೆ, ರಾಷ್ಟ್ರಪತಿ ಅಂಕಿತ ಹಾಕಿದ ದಿನವೇ ಜಾರಿ! ನಮ್ಮ ಶಾಸನಸಭೆ ಕನ್ನಡದಲ್ಲೇ ಕಾಯ್ದೆ ಮಾಡಿದರೂ, ಸಂವಿಧಾನದ 348(3)ನೇ ವಿಧಿಯಂತೆ ಗೆಜೆಟ್‌ನಲ್ಲಿ ಬರುವ ಅದರ ಇಂಗ್ಲಿಷ್ ಅನುವಾದವೇ ಇಂಗ್ಲಿಷಿನ ಅಧಿಕೃತ ಪಠ್ಯ. ಉಚ್ಚ ನ್ಯಾಯಾಲಯದಲ್ಲಿ ವಾದ ನಡೆಯುವುದು ಆ ಇಂಗ್ಲಿಷಿನಲ್ಲಿ. ದಂಡ ತೆರುವವರು ಬದುಕುವುದು ಕನ್ನಡದಲ್ಲಿ.

ಶಾಸಕರೇ, ನಿಮ್ಮೂರಿನಲ್ಲಿ ಜಾತ್ರೆಗೂ ಲಸಿಕೆಗೂ ತಮಟೆ ಬಾರಿಸಿ ಸಾರುತ್ತಾರೆ. ಮನುಷ್ಯನನ್ನು ಜೈಲಿಗೆ ಕಳಿಸಬಲ್ಲ ಕಾಯ್ದೆಗೆ ಅಷ್ಟು ಮರ್ಯಾದೆಯೂ ಬೇಡವೇ? ಪ್ರತಿ ಕಾಯ್ದೆ, ನಿಯಮ, ಅಧಿಸೂಚನೆ ತಿಳಿಗನ್ನಡದಲ್ಲಿ ಅಚ್ಚಾಗಲಿ. ಗ್ರಾಮಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಲಿ. ಪ್ರಕಟಣೆಗೂ ಜಾರಿಗೂ ನಡುವೆ ನಿಗದಿತ ಅವಧಿ ಇರಲಿ, ಅದು ಮುಗಿಯುವವರೆಗೆ ಯಾರಿಗೂ ದಂಡ ಬೀಳದಿರಲಿ.

ವಕೀಲರೇ, ಕಕ್ಷಿದಾರನ ತಪ್ಪು ಹುಡುಕುವ ಮೊದಲು ನಿಯಮ ಪ್ರಕಟವಾದ ದಿನಾಂಕ ಹುಡುಕಿ. ಓದುಗರೇ, ನಾಳೆ ಯಾರಾದರೂ ರಸೀದಿ ಪುಸ್ತಕ ಹಿಡಿದು ನಿಮ್ಮ ಬಾಗಿಲಿಗೆ ಬಂದರೆ ಅಂಜಬೇಡಿ, ಜಗಳವನ್ನೂ ಕಾಯಬೇಡಿ. ಯಾವ ನಿಯಮ, ಎಲ್ಲಿ ಪ್ರಕಟವಾಯಿತು, ಎಂದಿನಿಂದ ಜಾರಿ ಎಂದು ಕೇಳಿ. ಉತ್ತರವನ್ನು ಬರಹದಲ್ಲೇ ಪಡೆಯಿರಿ.