‘ಸುಮ್ಮನೆ ಹವ್ಯಾಸಕ್ಕೆ ಬರೆದದ್ದು’ ಎಂದು ನಾಚಬೇಡಿ

ಊರ ಕಡೆಯಿಂದ ನಮಗೆ ಬರುವ ಕತೆಗಳ ಕೊನೆಯಲ್ಲಿ ಒಂದು ಸಾಲು ಆಗಾಗ ಇರುತ್ತದೆ: ‘ಸುಮ್ಮನೆ ಹವ್ಯಾಸಕ್ಕೆ ಬರೆದದ್ದು, ತಪ್ಪಿದ್ದರೆ ಕ್ಷಮಿಸಿ.’ ಬರೆದವರು ಡೇರಿಯಲ್ಲಿ ಹಾಲಿನ ಲೆಕ್ಕ ಇಡುವವರು, ಲಾರಿ ಓಡಿಸುವವರು, ಅಂಗನವಾಡಿ ನಡೆಸುವವರು. ದುಡಿದು ಬಂದು, ರಾತ್ರಿ ಕೂತು ಬರೆದದ್ದಕ್ಕೆ ಕ್ಷಮೆ ಯಾಕೆ? ಅಂಥವರಿಗೆಲ್ಲ ನಾವು ಹಡಗಿನಲ್ಲಿ ದುಡಿದ ಒಬ್ಬರ ಕತೆ ಹೇಳಬೇಕು.

ಅವರ ಹೆಸರು ಜೋಸೆಫ್ ಕಾನ್ರಾಡ್. ಹುಟ್ಟಿದ್ದು 1857ರಲ್ಲಿ, ಈಗಿನ ಉಕ್ರೇನ್ ದೇಶದ ಬೆರ್ಡಿಚಿವ್ ಪಟ್ಟಣದಲ್ಲಿ. ಮನೆಮಾತು ಪೋಲಿಷ್. ಹನ್ನೊಂದು ವರ್ಷಕ್ಕೇ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡರು. ಹದಿನಾರಕ್ಕೆ ಫ್ರಾನ್ಸಿನ ಮಾರ್ಸೇ ಬಂದರಿಗೆ ಹೋಗಿ ಹಡಗಿನ ಕೆಲಸ ಹಿಡಿದರು. ಇಂಗ್ಲಿಷ್ ಕೈಗೆ ಹತ್ತಿದ್ದು ಇಪ್ಪತ್ತರ ಮೇಲೆ, ಬ್ರಿಟಿಷ್ ಹಡಗುಗಳಲ್ಲಿ ದುಡಿಯುತ್ತಾ. 1884ರಲ್ಲಿ ಮುಂಬೈಗೂ ಬಂದಿದ್ದರು. ಅಲ್ಲಿಂದ ‘ನಾರ್ಸಿಸಸ್’ ಎಂಬ ಹಡಗಿನಲ್ಲಿ ಯುರೋಪಿಗೆ ಹೊರಟರು. 1886ರಲ್ಲಿ ಕ್ಯಾಪ್ಟನ್ ಆಗುವ ಪರೀಕ್ಷೆ ಪಾಸು ಮಾಡಿದರು.

1889ರಲ್ಲಿ, ಕೆಲಸವಿಲ್ಲದೆ ಲಂಡನ್ನಿನ ಕೋಣೆಯಲ್ಲಿದ್ದಾಗ, ಒಂದು ಕಾದಂಬರಿ ಶುರು ಮಾಡಿದರು. ಆಮೇಲೆ ಮತ್ತೆ ದುಡಿಮೆ. ಹಾಳೆಗಳು ಪೆಟ್ಟಿಗೆಯಲ್ಲಿ ಅವರ ಜೊತೆ ಆಫ್ರಿಕಾದ ಕಾಂಗೋ ನದಿಗೂ ಹೋಗಿ ಬಂದವು. ಒಂದು ಕಾದಂಬರಿ ಮುಗಿಯಲು ಐದು ವರ್ಷ ಹಿಡಿಯಿತು.

ನಮಗೆ ಮುಖ್ಯವೆನಿಸುವ ಘಟನೆ ನಡೆದದ್ದು ಈ ನಡುವೆ. ಆಸ್ಟ್ರೇಲಿಯಾಕ್ಕೆ ಹೋಗುವ ‘ಟಾರೆನ್ಸ್’ ಹಡಗಿನಲ್ಲಿ ಅವರು ಅಧಿಕಾರಿಯಾಗಿದ್ದರು. ಕಾಯಿಲೆಯ ಒಬ್ಬ ತರುಣ ಪ್ರಯಾಣಿಕನಿಗೆ ಸಂಕೋಚದಿಂದಲೇ ತಮ್ಮ ಹಾಳೆಗಳನ್ನು ಕೊಟ್ಟರು. ಓದಿ ತಂದಾಗ, ಇದನ್ನು ಮುಗಿಸಬಹುದೇ ಎಂದು ಕೇಳಿದರು. ಖಂಡಿತ ಎಂದ ಆತ. ಭಾಷಣವಿಲ್ಲ, ಹೊಗಳಿಕೆಯಿಲ್ಲ. ಮುಂದೆ ಕಾನ್ರಾಡ್ ತಮ್ಮ ನೆನಪಿನ ಪುಸ್ತಕದಲ್ಲಿ ಆ ಓದುಗನನ್ನು ಮರೆಯದೆ ಬರೆದರು.

1895ರಲ್ಲಿ ‘ಆಲ್ಮೇಯರ್ಸ್ ಫಾಲಿ’ ಅಚ್ಚಾದಾಗ ಅವರಿಗೆ 37 ವರ್ಷ. ನಂತರ ಕಡಲಿನ ಬದುಕೇ ಕತೆಯಾಯಿತು. ಮುಂಬೈಯಿಂದ ಹೊರಟ ಆ ‘ನಾರ್ಸಿಸಸ್’ ಹಡಗು 1897ರ ಕಾದಂಬರಿಯಲ್ಲಿ ಬಂತು. ‘ಲಾರ್ಡ್ ಜಿಮ್’ (1900), ಬಿರುಗಾಳಿಗೆ ಸಿಕ್ಕ ಹಡಗಿನ ‘ಟೈಫೂನ್’ (1902) ಬಂದವು. ಹಗ್ಗ ಎಳೆದ ಕೈಯೇ ಬರೆದದ್ದರಿಂದ ಅವುಗಳಿಗೆ ಆ ಕಸುವು.

ಹಾಗಂತ ಕೆಲಸ ಬಿಟ್ಟು ಬರೆಯಲು ಕೂರಿ ಎಂದು ನಾವು ಹೇಳುತ್ತಿಲ್ಲ. ಕಾನ್ರಾಡ್ ವರ್ಷಗಟ್ಟಲೆ ಸಾಲದಲ್ಲಿದ್ದರು. ‘ಚಾನ್ಸ್’ ಕಾದಂಬರಿ ಚೆನ್ನಾಗಿ ಮಾರಾಟವಾಗಿ ಕೈಗೆ ಸ್ವಲ್ಪ ದುಡ್ಡು ಬಂದದ್ದು 1914ರ ಹೊತ್ತಿಗೆ, ಮೊದಲ ಪುಸ್ತಕದ ಸುಮಾರು ಇಪ್ಪತ್ತು ವರ್ಷದ ಮೇಲೆ. ಹೊಟ್ಟೆಪಾಡೂ ಇರಲಿ, ಬರವಣಿಗೆಯೂ ಇರಲಿ. ನಿಮ್ಮ ಕೆಲಸವೇ ನಿಮ್ಮ ಬಂಡವಾಳ. ಬಲೆ ಎಳೆಯುವುದು ಹೇಗೆ, ಬೋರ್‌ವೆಲ್ ಬತ್ತಿದ ದಿನ ಮನೆಯಲ್ಲಿ ಏನಾಗುತ್ತದೆ ಎಂಬುದು ಪೇಟೆಯಲ್ಲಿ ಕೂತವರಿಗಿಂತ ನಿಮಗೆ ಚೆನ್ನಾಗಿ ಗೊತ್ತು.

ಬರೆಯದವರಿಗೂ ಒಂದು ಮಾತು. ಮನೆಯಲ್ಲಿ ಯಾರದಾದರೂ ನೋಟ್‌ಬುಕ್ ಇದ್ದರೆ ರದ್ದಿಗೆ ಹಾಕಬೇಡಿ, ‘ಈ ವಯಸ್ಸಲ್ಲಿ ಇದೆಲ್ಲ ಯಾಕೆ’ ಎನ್ನಬೇಡಿ. ಕೂತು ಓದಿ. ಚೆನ್ನಾಗಿದ್ದರೆ, ಮುಗಿಸು ಎಂದು ಹೇಳಿ. ಅಷ್ಟು ಹೇಳುವ ಒಬ್ಬರು ಪ್ರತಿ ಊರಲ್ಲೂ ಬೇಕು.