ಸಮುದ್ರ ದೂರವೆಂದು ಸುಮ್ಮನಿರಬೇಡಿ



ಈ ಸಲ ಅಡಿಗೆಯ ಮಾತು ಸ್ವಲ್ಪ ಬದಿಗಿರಲಿ. “ಬಿರುಗಾಳಿ ಏನಿದ್ದರೂ ಕಡಲತಡಿಯವರಿಗೆ, ನಮಗಲ್ಲ” ಅಂತ ನಾನೂ ಅನ್ನುತ್ತಿದ್ದವಳೇ. ನಮ್ಮ ಮನೆ ಕುಮಟಾದಿಂದ ಸಿದ್ದಾಪುರದ ರಸ್ತೆಯಲ್ಲಿ 15 ಕಿ.ಮೀ. ಒಳಗೆ, ತೋಟದ ನಡುವೆ.

2021ರ ಮೇ 15ರಂದು ತೌಕ್ತೆ ಚಂಡಮಾರುತ ಬಂತಲ್ಲ, ಆ ಸಂಜೆ ಗಾಳಿಯ ಸದ್ದಿಗೆ ಯಾಕೋ ಮನಸ್ಸು ತಡೆಯದೆ ಅತ್ತೆಯವರ ಹಾಸಿಗೆಯನ್ನು ಹಿಂದಿನ ಕೋಣೆಯಿಂದ ನಡುಮನೆಗೆ ತಂದು ಹಾಸಿದೆ. “ಎಂತದೇ ನಿಂದು, ಎಲ್ಲದಕ್ಕೂ ಹೆದ್ರಿಕೆ” ಅಂತ ಬೈದರು. ರಾತ್ರಿ ತೆಂಗಿನಮರ ಆ ಕೋಣೆಯ ಹಂಚಿನ ಮೇಲೇ ಬಿತ್ತು. ಬೆಳಿಗ್ಗೆ ಹಂಚಿನ ಚೂರು ತುಂಬಿದ ಮಂಚ ನೋಡಿ ಇಬ್ಬರಿಗೂ ಮಾತೇ ಹೊರಡಲಿಲ್ಲ. ಮರ ವಾಲಿದ್ದು ಎರಡು ವರ್ಷದಿಂದ ಕಾಣುತ್ತಲೇ ಇತ್ತು. “ಕಾಯಿ ಬಿಡುತ್ತದಲ್ಲ, ಇರಲಿ” ಎಂದವಳೂ ನಾನೇ.

ಆ ಚಂಡಮಾರುತ ನಮ್ಮ ನೆಲಕ್ಕೆ ಕಾಲಿಟ್ಟಿದ್ದೇ ಇಲ್ಲ. ಕಡಲ ಮೇಲೇ ಉತ್ತರಕ್ಕೆ ಸಾಗಿ 17ರ ರಾತ್ರಿ ಗುಜರಾತನ್ನು ಹೊಕ್ಕಿತು. ಬರೀ ಸೆರಗು ಸೋಕಿದ್ದಕ್ಕೇ ಇಷ್ಟು! ಅರಬ್ಬೀ ಸಮುದ್ರದಲ್ಲಿ ಇಂಥ ಗಾಳಿ ಏಳುವುದು ಹೆಚ್ಚಾಗಿ ಮೇ-ಜೂನ್‌ನಲ್ಲಿ, ಮತ್ತೆ ಅಕ್ಟೋಬರ್-ನವೆಂಬರ್‌ನಲ್ಲಿ. ಒಳಗೆ ಬಂದಂತೆ ಗಾಳಿ ಸೋಲುತ್ತದೆ, ಮಳೆ ಸೋಲುವುದಿಲ್ಲ. ಘಟ್ಟಕ್ಕೆ ತಾಗಿ ಇನ್ನೂ ಜೋರಾಗುತ್ತದೆ. 2022ರ ಆಗಸ್ಟ್ 2ರಂದು ಭಟ್ಕಳದ ಮುಟ್ಟಳ್ಳಿಯಲ್ಲಿ ಚಂಡಮಾರುತವಿಲ್ಲದೆ, ಬರೀ ಮಳೆಗೇ ಗುಡ್ಡ ಕುಸಿದು ನಾಲ್ವರು ಪ್ರಾಣ ಬಿಟ್ಟರು.

ಈಗ ನಾನು ಮಾಡುವುದಿಷ್ಟು. ಮನೆಯತ್ತ ವಾಲಿದ ಮರವನ್ನು ಏಪ್ರಿಲ್‌ನಲ್ಲೇ ಕಡಿಸುತ್ತೇನೆ; ಒಣ ಗರಿ, ಬಲಿತ ಕಾಯಿ ಇಳಿಸುತ್ತೇನೆ. ಹವಾಮಾನ ಇಲಾಖೆಯವರು ಕಿತ್ತಳೆ ಇಲ್ಲವೇ ಕೆಂಪು ಎಚ್ಚರಿಕೆ ಕೊಟ್ಟರೆ ಅಂಗಳದ ಹಪ್ಪಳ, ಚಾಪೆ, ತಗಡು ಎಲ್ಲಾ ಒಳಗೆ. ಕರೆಂಟು ಹೋದರೆ ಪಂಪೂ ಇಲ್ಲ, ಆದ್ದರಿಂದ ಕೊಡ, ಹಂಡೆಗೆ ನೀರು ತುಂಬಿಡುತ್ತೇನೆ. ಮೊಬೈಲು ಚಾರ್ಜು ಮಾಡಿಡುತ್ತೇನೆ. ಅತ್ತೆಯವರ ಬಿ.ಪಿ. ಮಾತ್ರೆ, ರೇಶನ್ ಕಾರ್ಡು, ಆಧಾರ್, ಪಾಸ್‌ಬುಕ್ಕು ಒಂದೇ ಪ್ಲಾಸ್ಟಿಕ್ ಚೀಲದಲ್ಲಿ. ಒಲೆ ಹಚ್ಚಲಾಗದಿದ್ದರೆ ತೆಳು ಅವಲಕ್ಕಿ, ಬೆಲ್ಲ, ಕಾಯಿತುರಿ ಸಾಕು. ಕೊಟ್ಟಿಗೆಯ ದನಗಳ ಹಗ್ಗ ಬಿಚ್ಚಿಡುವುದನ್ನು ಮರೆಯಬೇಡಿ. ಹೊನ್ನಾವರದ ಶರಾವತಿ ದಂಡೆಯಲ್ಲಿರುವ ನನ್ನ ತಂಗಿ ಗೇರುಸೊಪ್ಪೆ ಅಣೆಕಟ್ಟಿನಿಂದ ನೀರು ಬಿಡುವ ಸುದ್ದಿಗೂ ಕಿವಿಗೊಟ್ಟಿರುತ್ತಾಳೆ.

ಹರಿದು ಬಿದ್ದ ಕರೆಂಟು ತಂತಿ ಮುಟ್ಟಬೇಡಿ, 1912ಕ್ಕೆ ಫೋನು ಮಾಡಿ. ಮನೆಯ ಹಿಂದಿನ ಗುಡ್ಡ ಬಿರುಕು ಬಿಟ್ಟರೆ, ಕೆಸರುನೀರು ಒಸರಿದರೆ ಸಾಮಾನಿನ ಆಸೆ ಬಿಟ್ಟು ಮೊದಲು ಮನೆ ಬಿಡಿ. ಆಮೇಲೆ 1077 ಅಥವಾ 112ಕ್ಕೆ ತಿಳಿಸಿ.

ಅತ್ತೆಯವರು ಈಗ ಬೈಯುವುದಿಲ್ಲ. ಗಾಳಿ ಎದ್ದರೆ ತಾವೇ ಚಾಪೆ ಸುತ್ತಿಕೊಂಡು ನಡುಮನೆಗೆ ಬರುತ್ತಾರೆ. ನಿಮ್ಮ ಮನೆಯತ್ತ ವಾಲಿದ ಮರ ಯಾವುದು? ಪುಸ್ತಕ ಮಡಚಿಟ್ಟು ಒಮ್ಮೆ ಅಂಗಳಕ್ಕಿಳಿದು ನೋಡಿ ಬನ್ನಿ.